ಲೀಟರಿಗೆ ಮೂರು ಗ್ರಾಂ

ಗಿಡಕ್ಕೆ ಎಂತದೋ ಆಗಿದೆ ಎಂದು ರತ್ನಾವತಿ ಶೆಟ್ಟಿಯವರಿಗೆ ಫೋನ್ ಮಾಡಿದವರು ಅರ್ಧಂಬರ್ಧ ತಿಳಿದುಕೊಂಡು ಫೋನ್ ಇಟ್ಟದ್ದು ಕಡಿಮೆ. ಕೂಳೂರು ಸೇತುವೆಯ ಈಚೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದ್ದ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕೇಂದ್ರದಲ್ಲಿ ಅವರು ಸಸ್ಯರೋಗ ವಿಜ್ಞಾನಿ. ತುಳುವರಿಗೆ ತುಳುವಿನಲ್ಲಿ, ಉಳಿದವರಿಗೆ ಕನ್ನಡದಲ್ಲಿ, ಮೊದಲು ಒಂದೆರಡು ಪ್ರಶ್ನೆ ಕೇಳುತ್ತಿದ್ದರು. "ಹಳದಿ ಆದದ್ದು ಮೇಲಿನ ಎಲೆಯಾ, ಕೆಳಗಿನ ಎಲೆಯಾ? ಬುಡದ ಮಣ್ಣು ಒಂದು ಮುಷ್ಟಿ ಹಿಂಡಿ ನೋಡಿ, ನೀರು ಇಳೀತದಾ?" ಉತ್ತರ ಬಂದ ಮೇಲೆ ಮಾಡಬೇಕಾದ್ದನ್ನು ಒಂದರ ಹಿಂದೆ ಒಂದರಂತೆ ಹೇಳುತ್ತಿದ್ದರು. ನಡುವೆ ನಗಿಸುತ್ತಲೂ ಇದ್ದರು. "ನೀವು ಗಿಡಕ್ಕೆ ನೀರು ಹಾಕ್ತಾ ಇಲ್ಲ ಮಾರಾಯ್ರೆ, ಅದಕ್ಕೆ ಈಜು ಕಲಿಸ್ತಾ ಇದ್ದೀರಿ."

ಅದೇ ರತ್ನಾವತಿ ಬರೆಯಲು ಕುಳಿತರೆ ಬೇರೆಯೇ ಮನುಷ್ಯರಾಗುತ್ತಿದ್ದರು. ‘ಹಾಕಿ’ ಎನ್ನುವುದು ‘ಲೇಪಿಸತಕ್ಕದ್ದು’ ಆಗುತ್ತಿತ್ತು. ‘ಗಿಡ ಬಾಡಿದರೆ’ ಎನ್ನುವುದು ‘ರೋಗಬಾಧೆಯ ಪ್ರಾಥಮಿಕ ಲಕ್ಷಣಗಳು ಗೋಚರಿಸಿದ ಪಕ್ಷದಲ್ಲಿ’ ಎಂದು ಉದ್ದವಾಗುತ್ತಿತ್ತು. ಒಮ್ಮೆ ಅವರು ಮನೆಗೆ ತಂದ ಪ್ರೂಫ್ ಹಾಳೆಯನ್ನು ಗಂಡ ಸುಂದರ ಶೆಟ್ಟರು ಊಟದ ಮೇಜಿನ ಮೇಲೆ ನೋಡಿದರು. ಸುಂದರ ಶೆಟ್ಟರದ್ದು ಹಂಪನಕಟ್ಟೆಯ ಹತ್ತಿರ ಸಣ್ಣ ಹೋಟೆಲ್. ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ನೀನು ಫೋನಲ್ಲಿ ಮಾತಾಡುವುದು ಈಚೆ ಕೋಣೆಗೂ ಕೇಳ್ತದೆ, ನನಗೂ ಅರ್ಥ ಆಗ್ತದೆ. ಇದನ್ನು ಬರೆದದ್ದು ಯಾರು?"

"ನಾನೇ."

"ಅಂಚನಾ?" ಎಂದರು ಸುಂದರ ಶೆಟ್ಟರು. ಹೌದಾ ಎಂಬ ಆ ಒಂದು ತುಳು ಮಾತಿನಲ್ಲಿ ಅವರು ಎಷ್ಟು ಹೇಳಬಹುದೋ ಅಷ್ಟನ್ನೂ ಹೇಳಿದ್ದರು. ರತ್ನಾವತಿ ಹಾಳೆಯನ್ನು ಕಿತ್ತುಕೊಂಡು ಬ್ಯಾಗಿಗೆ ಹಾಕಿದರು.

ಅವರು ಮೊದಲಿನಿಂದಲೂ ಹಾಗೆ ಬರೆಯುತ್ತಿದ್ದವರಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಪುಟ ಬರೆದಿದ್ದರು. ‘ಮಳೆ ಸ್ವಲ್ಪ ಬಿಟ್ಟ ಕೂಡಲೇ ಔಷಧಿ ಬಿಡಿ. ಪೂರ್ತಿ ಬಿಡಲಿ ಎಂದು ಕಾಯಬೇಡಿ’ ಎಂದು ಅದರ ಆರಂಭ. ಆಗಿನ ಮುಖ್ಯಸ್ಥರು ಅದನ್ನು ಮಾಸಿಕ ಸಭೆಯಲ್ಲಿ ಗಟ್ಟಿಯಾಗಿ ಓದಿ, "ಇದು ವಿಶ್ವವಿದ್ಯಾಲಯದ ಪ್ರಕಟಣೆಯೋ, ಅಡುಗೆ ಪುಸ್ತಕವೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ಆ ಸಭೆಯಲ್ಲಿ ಹೆಂಗಸು ಅಂತ ಇದ್ದದ್ದು ಅವರೊಬ್ಬರೇ. ಮನೆಯಲ್ಲಿ ತುಳು, ಪರೀಕ್ಷೆಗೆ ಇಂಗ್ಲಿಷ್; ಕನ್ನಡ ಎಂದರೆ ಅವರಿಗೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತು ಒಪ್ಪಿಸಿದ ಭಾಷೆ. ಆ ನಗುವಿನ ನಂತರ ಅವರು ಹಳೆಯ ಪ್ರಕಟಣೆಗಳನ್ನೆಲ್ಲ ತೆಗೆದು ಓದಿದರು, ಅಲ್ಲಿಯ ಶಬ್ದಗಳನ್ನು ಕಲಿತರು. ಮುಂದಿನ ಬರಹಕ್ಕೆ ಯಾರೂ ನಗಲಿಲ್ಲ. ಆಮೇಲೆ ಯಾವ ಬರಹಕ್ಕೂ ನಗಲಿಲ್ಲ. ಅವರೇ ಹಿರಿಯರಾದ ಮೇಲೂ ಆ ಭಾಷೆ ಮೈಗೆ ಅಂಟಿಕೊಂಡೇ ಉಳಿಯಿತು. ಕೆಳಗಿನವರು ಅದನ್ನು ಗಾಂಭೀರ್ಯ ಎಂದು ಕರೆದರು.

ನಿವೃತ್ತಿಗೆ ಕೆಲವು ವರ್ಷ ಇರುವಾಗ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಎಲ್ಲ ಕೇಂದ್ರಗಳವರೂ ರೈತರಿಗಾಗಿ ಬರೆಯುವುದನ್ನು ಆನ್‌ಲೈನಿನಲ್ಲಿ, ಎಲ್ಲರಿಗೂ ಕಾಣುವ ಒಂದೇ ಡಾಕ್ಯುಮೆಂಟಿನಲ್ಲಿ ಬರೆಯಬೇಕು, ಒಬ್ಬರದ್ದನ್ನು ಇನ್ನೊಬ್ಬರು ನೋಡಿ ತಿದ್ದಬೇಕು, ಭಾಷೆ ಸರಳವಾಗಿರಬೇಕು. ಭಾಷೆ ಸರಳವಾಗಿರಬೇಕು ಎಂದು ಹೇಳಿದ ಆ ಸುತ್ತೋಲೆಯಲ್ಲಿ ಇದ್ದದ್ದು ಒಂದೇ ವಾಕ್ಯ, ಅದು ಮೊದಲ ಪುಟದಲ್ಲಿ ಶುರುವಾಗಿ ಎರಡನೆಯದರಲ್ಲಿ ಮುಗಿದಿತ್ತು.

ಕಲಿಸುವ ಕೆಲಸ ಝಹ್ರಾಳ ಪಾಲಿಗೆ ಬಂತು. ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಝಹ್ರಾ ಕುದ್ರೋಳಿಯವಳು. ಮನೆಯಲ್ಲಿ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ ಮಾತಾಡುವವಳು. ರತ್ನಾವತಿಯವರ ಪಕ್ಕ ಕುರ್ಚಿ ಎಳೆದುಕೊಂಡು ತೋರಿಸಿದಳು. "ಇದು ನೀವು ಮೇಡಂ, ಹಸಿರು ಗೆರೆ. ಇದು ನಾನು, ನೇರಳೆ. ನಾನು ಬರೆದ ಹಾಗೆ ನಿಮಗೆ ಕಾಣ್ತದೆ, ನೀವು ಬರೆದ ಹಾಗೆ ನನಗೆ."

"ಬರೆದು ಅಳಿಸಿದ್ದು?"

"ಅದೂ ಇರ್ತದೆ. ಹಿಸ್ಟರಿ ಅಂತ ಉಂಟು, ಹಳೆಯದೆಲ್ಲ ಅದರಲ್ಲಿ ತೆಗೀಬಹುದು."

"ಸೀರೆ ಉಡುವ ಕೋಣೆಗೆ ಬಾಗಿಲೇ ಇಲ್ಲದ ಹಾಗಾಯ್ತಲ್ಲ ಮಾರಾಯ್ತಿ!"

ಝಹ್ರಾ ನಕ್ಕಳು. ರತ್ನಾವತಿ ನಗಲಿಲ್ಲ. ಅವರು ಮನೆಯಲ್ಲಿ ಕಾಗದದ ಮೇಲೆ ಬರೆದು, ತಿದ್ದಿ, ಪೂರ್ತಿ ಆದ ಮೇಲೆ ಮಾತ್ರ ಆ ಡಾಕ್ಯುಮೆಂಟಿಗೆ ಹಾಕತೊಡಗಿದರು. ಬೇರೆ ಕೇಂದ್ರದವರ ಬಣ್ಣದ ಗೆರೆ ತನ್ನ ಸಾಲಿನ ಹತ್ತಿರ ಬಂದು ಮಿನುಗುತ್ತ ನಿಂತರೆ ಅವರಿಗೆ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಆಗುತ್ತಿತ್ತು. ಆದರೆ ಅವರ ಬರಹವನ್ನು ಯಾರೂ ತಿದ್ದಲಿಲ್ಲ. ಅವರು ಹಿರಿಯರು, ಮೇಲಾಗಿ ಆ ಬರಹ ತಿದ್ದಲು ಬರುವ ಹಾಗೆ ಇರಲೂ ಇಲ್ಲ.

ಆ ವರ್ಷ ಮಳೆ ಶುರುವಾಗುವ ಮೊದಲು ತಾರಸಿ ಮಲ್ಲಿಗೆಯ ಬೇರುಕೊಳೆ ರೋಗದ ಕರಪತ್ರವನ್ನು ಹೊಸದಾಗಿ ಅಚ್ಚು ಹಾಕಬೇಕಿತ್ತು. ಮಂಗಳೂರಿನಲ್ಲಿ ಈಗ ಎಷ್ಟೋ ಮನೆಗಳ ತಾರಸಿಯ ಮೇಲೆ ಸಾಲುಸಾಲು ಚೀಲಗಳಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾಲೆ ಸುತ್ತಿ ಚೆಂಡು ಮಾಡಿ ಹೂವಿನ ಅಂಗಡಿಗೆ ಕೊಡುತ್ತಾರೆ. ಹೆಚ್ಚಿನವರು ಹೆಂಗಸರು. ಅವರ ಒಂದು ವಾಟ್ಸಾಪ್ ಗ್ರೂಪಿನಲ್ಲಿ ರತ್ನಾವತಿಯೂ ಇದ್ದರು. ಹಳೆಯ ಕರಪತ್ರವನ್ನೇ ಎದುರಿಗಿಟ್ಟುಕೊಂಡು ಒಂದೆರಡು ಔಷಧಿಯ ಹೆಸರು ಬದಲಿಸಿ ಅವರು ಡಾಕ್ಯುಮೆಂಟಿಗೆ ಹಾಕಿದರು. ಚಿತ್ರ ಸೇರಿಸಲೆಂದು ಅದರ ಲಿಂಕನ್ನು ಝಹ್ರಾಳಿಗೆ ಕಳಿಸಿ ಮನೆಗೆ ಹೋದರು.

ಕಳಿಸಿದ್ದು ಝಹ್ರಾಳಿಗಲ್ಲ, ಮಲ್ಲಿಗೆಯವರ ಗ್ರೂಪಿಗೆ.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಡಾಕ್ಯುಮೆಂಟ್ ತೆರೆದರೆ ಮೇಲಿನ ಮೂಲೆಯಲ್ಲಿ ಉರುಟು ಉರುಟಾದ ದುಂಡು ಚಿತ್ರಗಳು ತುಂಬಿದ್ದವು. ಒಂದು ಆಮೆ, ಒಂದು ನರಿ, ಒಂದು ಬಾವಲಿ, ಹೆಸರು ಗೊತ್ತಿಲ್ಲದ ಎಂತದೋ ಒಂದು ಹಕ್ಕಿ.

"ಝಹ್ರಾ, ಇಲ್ಲಿ ಬಾ! ಕಂಪ್ಯೂಟರಿಗೆ ಎಂತದೋ ಹೊಕ್ಕಿದೆ."

ಝಹ್ರಾ ಬಂದು ನೋಡಿದಳು. "ಇದು ಜನ ಮೇಡಂ. ಲಾಗಿನ್ ಮಾಡದೆ ಓದುವವರಿಗೆ ಅದು ಒಂದೊಂದು ಪ್ರಾಣಿಯ ಹೆಸರು ಕೊಡ್ತದೆ. ಲಿಂಕ್ ಸಿಕ್ಕಿದವರು ಯಾರಾದ್ರೂ ಬಂದು ಕಮೆಂಟ್ ಹಾಕಬಹುದು ಅಂತ ನಾನೇ ಇಟ್ಟದ್ದು, ಬೇರೆ ಕೇಂದ್ರದವರಿಗೆ ಸುಲಭ ಆಗ್ಲಿ ಅಂತ."

ಪುಟದ ಬಲಬದಿ ತುಂಬ ಕಮೆಂಟುಗಳು ಒಂದರ ಮೇಲೊಂದು ಕೂತಿದ್ದವು. ‘ಉಪಚರಿಸತಕ್ಕದ್ದು ಅಂದ್ರೆ ಎಂತ? ಹೊಯ್ಯುವುದಾ, ಬಳಿಯುವುದಾ?’ ‘ಬುಡಭಾಗ ಅಂದರೆ ಮಣ್ಣಾ, ಕಾಂಡವಾ?’ ‘ಶೇಕಡಾ ಒಂದು, ಯಾವುದರಲ್ಲಿ ಒಂದು?’ ‘ಔಷಧಿ ಹಾಕಿದ ಮರುದಿನ ಹೂ ಕೊಯ್ದು ದೇವರಿಗೆ ಕೊಡಬಹುದಾ?’ ಒಬ್ಬರು ‘ತುಂಬಾ ಚೆನ್ನಾಗಿದೆ ಮೇಡಂ’ ಎಂದು ಬರೆದಿದ್ದರು. ಅವರು ಶೀರ್ಷಿಕೆ ಬಿಟ್ಟು ಮುಂದೆ ಓದಿದ ಹಾಗೆ ಕಾಣಲಿಲ್ಲ. ಕೆಳಗೆ ಹೋಗುತ್ತ ಹೋಗುತ್ತ ಒಂದು ಕಮೆಂಟಿನ ಹತ್ತಿರ ರತ್ನಾವತಿಯವರ ಕೈ ನಿಂತಿತು.

‘ಈ ಸಾಲು ಹೋದ ವರ್ಷದ ಪೇಪರಿನಲ್ಲೂ ಇತ್ತು. ಲೀಟರೊಂದಕ್ಕೆ ಮೂರು ಗ್ರಾಂ. ನನ್ನದು ಇಪ್ಪತ್ತು ಲೀಟರಿನ ಚೀಲ. ಲೆಕ್ಕ ಮಾಡಿ ಒಂದೊಂದು ಚೀಲಕ್ಕೆ ಅರುವತ್ತು ಗ್ರಾಂ ಪುಡಿ ಹಾಕಿದೆ. ಗಿಡ ಉಳಿಯಲಿಲ್ಲ. ದಯವಿಟ್ಟು ಇದನ್ನು ಪುನಃ ಪ್ರಿಂಟ್ ಮಾಡಬೇಡಿ. ಶರ್ಲಿ, ಕಾವೂರು.’

ರತ್ನಾವತಿ ತನ್ನ ವಾಕ್ಯವನ್ನು ಓದಿದರು. ಇನ್ನೊಮ್ಮೆ ಓದಿದರು. ಬೋರ್ಡೋ ದ್ರಾವಣ ಇತ್ತು, ತಾಮ್ರದ ಪುಡಿಯ ಹೆಸರು ಇತ್ತು, ‘ಸಂಪೂರ್ಣವಾಗಿ ತೋಯುವಂತೆ’ ಎಂದೂ ಇತ್ತು. ನೀರು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ. ಲೀಟರ್ ಎಂದರೆ ನೀರಿನದ್ದೇ ಎಂದು ಅವರಿಗೆ ಎಷ್ಟು ಖಂಡಿತ ಇತ್ತೆಂದರೆ ಅದನ್ನು ಬರೆಯಬೇಕು ಎಂದು ಅನಿಸಿಯೇ ಇರಲಿಲ್ಲ. ಗಿಡದ ಚೀಲವನ್ನೂ ಅಂಗಡಿಯಲ್ಲಿ ಲೀಟರ್ ಲೆಕ್ಕದಲ್ಲಿ ಮಾರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಬರೆಯುವಾಗ ಅದು ನೆನಪಿಗೆ ಬಂದಿರಲಿಲ್ಲ.

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ಮುಖೇಶ್ ಕೋಟ್ಯಾನ್ ಬಂದರು. ರತ್ನಾವತಿಯವರಿಗಿಂತ ಹತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ, ಮೇಲಿನಿಂದ ಫೋನ್ ಬಂದರೆ ಮಾತ್ರ ಬೆವರುವವರು. ಆ ಬೆಳಿಗ್ಗೆ ಫೋನ್ ಬಂದಿತ್ತು.

"ಎಂತ ಮೇಡಂ ಇದು? ಮುಖ್ಯ ಕ್ಯಾಂಪಸ್ಸಿನವರು ನೋಡಿದ್ದಾರೆ. ವಿಶ್ವವಿದ್ಯಾಲಯದ ಹೆಸರು ಮೇಲೆ ಉಂಟು, ಕೆಳಗೆ ಬೀದಿಯವರೆಲ್ಲ ಬಂದು ಬರೀತಿದ್ದಾರೆ. ಮೊದಲು ಇದನ್ನು ಬಂದ್ ಮಾಡಿ."

ಝಹ್ರಾ ಒಂದು ಗುಂಡಿ ಒತ್ತಿದಳು. ಆಮೆ, ನರಿ, ಬಾವಲಿ ಎಲ್ಲ ಒಂದೊಂದಾಗಿ ಹೋದವು. ಕಮೆಂಟುಗಳು ಮಾತ್ರ ಉಳಿದವು.

ಮಧ್ಯಾಹ್ನ ರತ್ನಾವತಿ ಅರ್ಧ ದಿನದ ರಜೆ ಬರೆದುಕೊಟ್ಟು ರಿಕ್ಷಾ ಹತ್ತಿದರು. ಗ್ರೂಪಿನಲ್ಲಿ ಶರ್ಲಿಯ ನಂಬರ್ ಇತ್ತು, ಫೋನ್ ಮಾಡಿದಾಗ ಆಕೆ "ಬನ್ನಿ" ಎಂದಷ್ಟೇ ಹೇಳಿದ್ದಳು. ಮನೆ ಕಾವೂರು ಕೆರೆಯ ಹಿಂದಿನ ಓಣಿಯಲ್ಲಿ. ಬಾಗಿಲು ತೆರೆದ ಶರ್ಲಿ ಐವತ್ತರ ಆಸುಪಾಸಿನ ಹೆಂಗಸು. ಕೂತುಕೊಳ್ಳಿ ಎನ್ನಲಿಲ್ಲ. ನೇರವಾಗಿ ತಾರಸಿಗೆ ಕರೆದುಕೊಂಡು ಹೋದಳು.

ಮೇಲೆ ಎರಡು ಬದಿಯಲ್ಲಿ ಚೀಲಗಳ ಸಾಲು. ನೀರಿನ ಟ್ಯಾಂಕಿನ ನೆರಳಿನ ಕಡೆ ಕೆಲವು ಗಿಡ ಹಸಿರಾಗಿದ್ದವು. ಉಳಿದ ಚೀಲಗಳಲ್ಲಿ ಒಣ ಕಡ್ಡಿಗಳು, ಕೆಲವದರಲ್ಲಿ ಕಡ್ಡಿಯೂ ಇಲ್ಲ. ರತ್ನಾವತಿ ಒಂದು ಚೀಲದ ಮಣ್ಣು ಕೆದಕಿದರು. ವರ್ಷ ಕಳೆದರೂ ಅಲ್ಲಲ್ಲಿ ಹಸಿರುನೀಲಿ ಬಣ್ಣದ ಗಂಟು ಕಂಡಿತು.

"ಆ ಗಿಡಗಳಿಗೆ ಯಾಕೆ ಹಾಕಲಿಲ್ಲ?" ಎಂದು ಹಸಿರು ಗಿಡಗಳನ್ನು ತೋರಿಸಿ ಕೇಳಿದರು.

"ಪುಡಿ ಮುಗಿಯಿತು. ಮತ್ತೆ ತರುವ ಅಂತ ಇದ್ದೆ, ಅಷ್ಟರಲ್ಲಿ ಇವು ಬಾಡಿದವು."

ಕೆಳಗಿನ ಓಣಿಯಲ್ಲಿ ಮೀನಿನವನ ಹಾರ್ನ್ ಕೇಳಿತು.

"ಗಿಡಕ್ಕೆ ಹುಳ ಬಂತು ಅಂತ ಮನೆಯವರ ಹತ್ತಿರ ಹೇಳಿದೆ," ಎಂದಳು ಶರ್ಲಿ. "ನಾನು ಎಸ್ಸೆಸ್ಸೆಲ್ಸಿ ಮೇಡಂ, ಲೆಕ್ಕದಲ್ಲಿ ಹುಷಾರಿದ್ದೆ. ಅದಕ್ಕೇ ಬೇಜಾರು. ಮೂರು ಇಂಟು ಇಪ್ಪತ್ತು, ಅರುವತ್ತು. ಲೆಕ್ಕ ಸರಿಯಾಗಿತ್ತಲ್ಲ?"

"ಲೆಕ್ಕ ಸರಿಯೇ ಇತ್ತು ಶರ್ಲಿ ಬಾಯಿ. ನಾನು ನೀರು ಅಂತ ಬರೆಯಲಿಲ್ಲ. ಒಂದು ಲೀಟರ್ ನೀರಿಗೆ ಮೂರು ಗ್ರಾಂ ಪುಡಿ, ಕಲಸಿ ಬುಡಕ್ಕೆ ಹೊಯ್ಯಬೇಕು. ಚೀಲ ಎಷ್ಟು ದೊಡ್ಡದಿದ್ದರೂ ನೀರಿನಲ್ಲಿ ಪುಡಿ ಅಷ್ಟೇ."

"ಅಷ್ಟೇ?"

"ಅಷ್ಟೇ."

ಶರ್ಲಿ ಅವರ ಮುಖ ನೋಡಿದಳು. "ಹಾಗೆ ಬರೀಬಹುದಿತ್ತಲ್ಲ?"

ರತ್ನಾವತಿ ಕೈಗೆ ಅಂಟಿದ ಮಣ್ಣು ಕೊಡವಿಕೊಂಡರು. ಆಮೇಲೆ ಹೇಳಿದರು, "ಹಾಕುವ ಮೊದಲು ನನಗೆ ಒಂದು ಫೋನ್ ಮಾಡಬಹುದಿತ್ತು. ಪೇಪರಿನ ಕೆಳಗೆ ನಂಬರ್ ಇತ್ತು."

"ಮಾಡುವ ಅಂತ ಇತ್ತು. ಅಷ್ಟು ದೊಡ್ಡ ಭಾಷೆಯಲ್ಲಿ ಬರೆದವರ ಹತ್ತಿರ ನಾನು ಎಂತ ಅಂತ ಕೇಳುದು? ಹೆದರಿಕೆ ಆಯ್ತು."

ಈ ಮಾತು ರತ್ನಾವತಿಯವರಿಗೆ ಸತ್ತ ಗಿಡಗಳಿಗಿಂತ ಜೋರಾಗಿ ತಾಗಿತು. ಅಷ್ಟು ವರ್ಷ ಎಷ್ಟೋ ಜನರೊಡನೆ ಫೋನಿನಲ್ಲಿ ನಗುತ್ತ ಮಾತಾಡಿದ್ದೆ ಎಂದುಕೊಂಡಿದ್ದರು. ತನ್ನ ಬರಹ ಓದಿ ಫೋನ್ ಮಾಡದೆ ಉಳಿದವರು ಎಷ್ಟು ಜನ ಎಂದು ಅವರು ಯೋಚಿಸಿದ್ದೇ ಇಲ್ಲ. ಕೆಳಗೆ ಬಂದ ಮೇಲೆ ಶರ್ಲಿ ಚಹಾ ಕೊಟ್ಟಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಚಹಾದ ಜೊತೆ ಎರಡು ಬಿಸ್ಕಿಟ್ ಇಟ್ಟಳು.

ಮರುದಿನ ರತ್ನಾವತಿ ಮುಖೇಶರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದರು. ಮುಖೇಶ್ ವಾಕ್ಯವನ್ನು ಓದಿ, "ನೀರಿಗೆ ಅಂತ ಯಾರಿಗಾದ್ರೂ ಗೊತ್ತಾಗ್ತದಲ್ಲ ಮೇಡಂ" ಎಂದರು.

"ಗೊತ್ತಾಗಲಿಲ್ಲ ಮುಖೇಶ್. ನಾನು ಹೋಗಿ ನೋಡಿ ಬಂದೆ."

ಅವರು ವಾಕ್ಯವನ್ನು ಇನ್ನೊಮ್ಮೆ ಓದಿದರು. ರತ್ನಾವತಿ ಮುಂದುವರಿಸಿದರು. "ನಾನು ಇದನ್ನು ಪುನಃ ಬರೀತೇನೆ. ಬರೆದದ್ದನ್ನು ಅಚ್ಚಿಗೆ ಹೋಗುವ ಮೊದಲು ಆ ಹೆಂಗಸರಿಗೆ ತೋರಿಸಬೇಕು. ಮೊನ್ನೆ ತಪ್ಪಿ ತೋರಿಸಿದೆ. ಈ ಸಲ ಬೇಕೂಂತಲೇ ತೋರಿಸ್ತೇನೆ."

ಮುಖೇಶರಿಗೆ ಮುಖ್ಯ ಕ್ಯಾಂಪಸ್ಸಿನ ಫೋನ್ ನೆನಪಾಗಿರಬೇಕು, ಕುತ್ತಿಗೆ ಒರೆಸಿಕೊಂಡರು. ಕೊನೆಗೆ, ವಿಶ್ವವಿದ್ಯಾಲಯದ ಹೆಸರು ಮೇಲೆ ಇರಬಾರದು, ಕರಡು ಎಂದು ದೊಡ್ಡ ಅಕ್ಷರದಲ್ಲಿ ಇರಬೇಕು, ಶನಿವಾರಕ್ಕೆ ಮುಚ್ಚಬೇಕು ಎಂದು ಒಪ್ಪಿದರು. "ಎಂತಾದ್ರೂ ಹೆಚ್ಚುಕಡಿಮೆ ಆದ್ರೆ ನನಗೆ ಗೊತ್ತಿರಲಿಲ್ಲ ಅಂತ ಹೇಳ್ತೇನೆ" ಎಂದು ಪ್ರಾಮಾಣಿಕವಾಗಿ ಸೇರಿಸಿದರು.

ಆದರೆ ಬರೆಯುವುದು ಹೇಗೆ? ಆ ಇಡೀ ಬೆಳಿಗ್ಗೆ ರತ್ನಾವತಿ ಪರದೆಯ ಎದುರು ಕುಳಿತರು. ‘ಗಿಡ ಬಾಡಿದರೆ’ ಎಂದು ಬರೆಯುತ್ತಿದ್ದರು, ಬೆರಳು ತಾನಾಗಿ ಹಿಂದೆ ಹೋಗಿ ಅದನ್ನು ‘ಬಾಡುವಿಕೆ ಕಂಡುಬಂದಲ್ಲಿ’ ಮಾಡುತ್ತಿತ್ತು. ನೇರಳೆ ಗೆರೆ ಪುಟದ ಕೆಳಗೆ ಸುಮ್ಮನೆ ಮಿನುಗುತ್ತಿತ್ತು. ಝಹ್ರಾ ಪಕ್ಕದ ಕೋಣೆಯಿಂದ ನೋಡುತ್ತಿದ್ದಳು, ಇವರು ಬರೆಯುವುದನ್ನೂ ಅಳಿಸುವುದನ್ನೂ.

ರತ್ನಾವತಿಯವರ ಫೋನ್ ರಿಂಗಾಯಿತು. ಝಹ್ರಾಳ ನಂಬರ್.

"ಹಲೋ, ರತ್ನಾವತಿ ಮೇಡಮ್ಮಾ? ನಾನು ಕುದ್ರೋಳಿಯಿಂದ ಮಾತಾಡುದು. ನನ್ನ ಮಲ್ಲಿಗೆ ಗಿಡ ಬಾಡಿದೆ. ಎಂತ ಮಾಡ್ಲಿ?"

"ಝಹ್ರಾ, ತಮಾಷೆ ಸಾಕು. ನನಗೆ ತಲೆ ಕೆಟ್ಟಿದೆ."

"ಝಹ್ರಾ ಯಾರು ಮೇಡಂ? ನನ್ನ ಗಿಡ ಸಾಯ್ತಾ ಉಂಟು."

ರತ್ನಾವತಿಯವರಿಗೆ ನಗು ಬಂತು. ಅವರು ಕುರ್ಚಿಗೆ ಒರಗಿದರು. "ಆಯ್ತು ಮಾರಾಯ್ತಿ. ಬಾಡಿದ್ದು ಯಾವಾಗ? ಬೆಳಿಗ್ಗೆ ನೀರು ಹಾಕಿದ ಮೇಲೂ ಬಾಡಿಯೇ ಉಂಟಾ? ಹಾಗಾದ್ರೆ ಅದಕ್ಕೆ ನೀರು ಕಡಿಮೆ ಆದದ್ದಲ್ಲ, ಬೇರು ಕೊಳೀತಾ ಉಂಟು. ಮೊದಲು ನೀರು ಹಾಕುವುದು ನಿಲ್ಲಿಸು. ಚೀಲದ ಅಡಿಯಲ್ಲಿ ತೂತು ಉಂಟಾ ನೋಡು, ಮುಚ್ಚಿ ಹೋಗಿದ್ರೆ ಕಡ್ಡಿ ಹಾಕಿ ಬಿಡಿಸು..."

ಮಾತಾಡುತ್ತಿದ್ದ ಹಾಗೆ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ನೇರಳೆ ಗೆರೆ ಓಡುತ್ತಿತ್ತು. ‘ಮೊದಲು ನೀರು ಹಾಕುವುದು ನಿಲ್ಲಿಸಿ. ಚೀಲದ ಅಡಿಯ ತೂತು ಮುಚ್ಚಿದೆಯೇ ನೋಡಿ.’ ಝಹ್ರಾ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಟೈಪ್ ಮಾಡುತ್ತಿದ್ದಳು, ಅಕ್ಷರ ತಪ್ಪುಗಳು ಬೇಕಾದಷ್ಟು ಇದ್ದವು. ರತ್ನಾವತಿ ಒಂದು ಕ್ಷಣ ಮಾತು ನಿಲ್ಲಿಸಿದರು. ತನ್ನ ಬಾಯಿಯ ಮಾತು ಹೀಗೆ ಎದುರಿಗೆ ಕೂತದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ನಾಚಿಕೆಯಾಯಿತು. ಯಾರೋ ನಗುತ್ತಾರೆ ಎಂಬ ಹಳೆಯ ಹೆದರಿಕೆ ಮೈಯಲ್ಲಿ ಎದ್ದು ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲ.

"ಮೇಡಂ? ಮತ್ತೆ? ಔಷಧಿ ಎಷ್ಟು?"

"ಬರೆದುಕೋ," ಎಂದರು. "ಬಕೆಟಿಗೆ ಒಂದು ಲೀಟರ್ ನೀರು ಹಾಕು."

ಕರಡು ಆ ವಾರ ಮಲ್ಲಿಗೆಯವರಿಗೆ ತೆರೆದುಕೊಂಡಿತು. ಹೆಸರು ಹಾಕಿಯೇ ಬರೆಯಿರಿ ಎಂದು ರತ್ನಾವತಿ ಗ್ರೂಪಿನಲ್ಲಿ ಕೇಳಿಕೊಂಡರು. ಬಂದದ್ದೆಲ್ಲ ಉಪಯೋಗದ್ದೇ ಆಗಿರಲಿಲ್ಲ. ಯಾರೋ ಒಬ್ಬರು ಗೊಬ್ಬರದ ಜಾಹೀರಾತು ಹಾಕಿ ಹೋದರು. ಇನ್ನೊಬ್ಬರು ಮಲ್ಲಿಗೆ ಬಿಟ್ಟು ತಮ್ಮ ಮನೆಯ ಬೆಕ್ಕಿನ ಕಾಟದ ಬಗ್ಗೆ ಉದ್ದಕ್ಕೆ ಬರೆದರು. ಆದರೆ ಫ್ಲಾವಿಯಾ ಎಂಬ ಒಬ್ಬಾಕೆ, ಮೂರು ಗ್ರಾಂ ತೂಗುವ ತಕ್ಕಡಿ ಯಾರ ಮನೆಯಲ್ಲಿ ಉಂಟು ಎಂದು ಕೇಳಿದಳು. ಅದು ಸರಿಯಾದ ಪ್ರಶ್ನೆ. ರತ್ನಾವತಿ ಲ್ಯಾಬಿನಲ್ಲಿ ಬೇರೆ ಬೇರೆ ಚಮಚಗಳಲ್ಲಿ ಪುಡಿ ತೂಗಿ ನೋಡಿದರು. ಒಂದೊಂದು ಚಮಚ ಒಂದೊಂದು ತೂಕ ತೋರಿಸಿತು. ಕೊನೆಗೆ, ಗಿಡದ ಔಷಧಿ ಅಂಗಡಿಯವರಿಂದಲೇ ತೂಗಿಸಿ ಸಣ್ಣ ಸಣ್ಣ ಪೊಟ್ಟಣ ಮಾಡಿಸಿ ತನ್ನಿ, ಅಡುಗೆಮನೆಯ ಚಮಚ ನಂಬಬೇಡಿ, ಎಂದು ಬರೆದರು.

ಶರ್ಲಿ ಬಂದದ್ದು ಗುರುವಾರ. ಒಂದೇ ಒಂದು ಕಮೆಂಟ್ ಹಾಕಿದಳು. ‘ಸತ್ತ ಗಿಡದ ಮಣ್ಣಿನಲ್ಲಿ ಪುನಃ ನೆಡಬಹುದಾ, ಬರೆದಿಲ್ಲ.’ ರತ್ನಾವತಿ ‘ಆ ಮಣ್ಣನ್ನು ಬಿಸಾಡಿ, ಹೊಸ ಮಣ್ಣು ತುಂಬಿ’ ಎಂದು ಒಂದು ಸಾಲು ಸೇರಿಸಿದರು.

ತೊಂದರೆ ಬಂದದ್ದು ತಮ್ಮವರಿಂದಲೇ. ಘಟ್ಟದ ಮೇಲಿನ ಒಂದು ಕೇಂದ್ರದ ಹಿರಿಯ ವಿಜ್ಞಾನಿಯೊಬ್ಬರು ಪ್ರತಿದಿನ ಬೆಳಿಗ್ಗೆ ಕರಡನ್ನು ತೆರೆದು, ‘ಹೊಯ್ಯಿರಿ’ ಇದ್ದಲ್ಲಿ ‘ಉಪಚರಿಸತಕ್ಕದ್ದು’ ಮಾಡಿ ಹೋಗುತ್ತಿದ್ದರು. ಝಹ್ರಾ ಹಿಸ್ಟರಿಗೆ ಹೋಗಿ ವಾಪಸು ತರುತ್ತಿದ್ದಳು. ಮರುದಿನ ಮತ್ತೆ ಅದೇ. "ಅವರಿಗೆ ತಿದ್ದಲಿಕ್ಕೆ ಆಗದ ಹಾಗೆ ಮಾಡ್ತೇನೆ ಮೇಡಂ, ಒಂದು ನಿಮಿಷದ ಕೆಲಸ" ಎಂದಳು ಝಹ್ರಾ.

"ಬೇಡ," ಎಂದು ರತ್ನಾವತಿ ಆ ವಿಜ್ಞಾನಿಗೇ ಫೋನ್ ಮಾಡಿದರು.

"ಮೇಡಂ, ನೀವು ಬರೆದದ್ದು ನೋಡಿ ನನಗೆ ನಿಜವಾಗಿ ಬೇಸರವಾಯ್ತು," ಎಂದರು ಆ ಹಿರಿಯರು. "ನಿಮ್ಮ ಭಾಷೆ ಎಷ್ಟು ಗಂಭೀರವಾಗಿತ್ತು! ನಮ್ಮ ಹುಡುಗರಿಗೆ ನಾನು ಮಾದರಿ ಅಂತ ತೋರಿಸ್ತಿದ್ದೆ."

ರತ್ನಾವತಿಯವರಿಗೆ ಕೋಪ ಬರಲಿಲ್ಲ. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಕಾವೂರಿನ ತಾರಸಿಯಲ್ಲಿ ಕಂಡದ್ದನ್ನು ಅವರಿಗೆ ಒಂದೊಂದಾಗಿ ವಿವರಿಸಿದರು. ಆಮೇಲೆ ಆ ಹಿರಿಯರು, "ನಮ್ಮ ಶುಂಠಿಯ ಕರಪತ್ರದಲ್ಲಿ ನೀರು ಅಂತ ಉಂಟೋ ಇಲ್ಲವೋ, ನೋಡ್ತೇನೆ" ಎಂದು ಫೋನ್ ಇಟ್ಟರು. ಮರುದಿನ ಕರಡಿನಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

ಅಚ್ಚಿಗೆ ಹೋಗುವ ಮೊದಲು ಮುಖ್ಯ ಕ್ಯಾಂಪಸ್ಸಿನ ಪ್ರಕಟಣಾ ಸಮಿತಿ ಇದ್ದೇ ಇತ್ತು. ‘ತಾರಸಿಯ ಮಲ್ಲಿಗೆ ಬಾಡಿದರೆ ಏನು ಮಾಡಬೇಕು’ ಎಂಬ ಶೀರ್ಷಿಕೆಯನ್ನು ಸಮಿತಿಯವರು ಹೊಡೆದುಹಾಕಿ ‘ಮಲ್ಲಿಗೆಯಲ್ಲಿ ಬೇರುಕೊಳೆ ರೋಗದ ಸಮಗ್ರ ನಿರ್ವಹಣೆ’ ಎಂದು ಮಾಡಿದರು. ರತ್ನಾವತಿ ಎರಡು ಸಲ ಮಾತಾಡಿದರು, ಸಮಿತಿಯವರು ಬಗ್ಗಲಿಲ್ಲ. ಒಳಗಿನ ಸಾಲುಗಳನ್ನು ಮುಟ್ಟಲು ಮಾತ್ರ ಇವರು ಬಿಡಲಿಲ್ಲ. ಮುಖೇಶರೇ ಫೋನ್ ಮಾಡಿ, ಪ್ರಮಾಣದ ಸಾಲು ಬದಲಾದರೆ ಜವಾಬ್ದಾರಿ ಯಾರದ್ದು ಎಂದು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದರಂತೆ. ಅದು ಹೇಗೆ ಅವರಿಗೆ ಹೊಳೆಯಿತೋ, ಅಷ್ಟು ಧೈರ್ಯ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಯಾರೂ ಬರವಣಿಗೆಯಲ್ಲಿ ಕೊಡಲಿಲ್ಲ, ಸಾಲು ಹಾಗೇ ಉಳಿಯಿತು.

ಮಳೆ ಹಿಡಿದ ಮೇಲೆ ರತ್ನಾವತಿ ಕೇಂದ್ರದ ನರ್ಸರಿಯಲ್ಲಿ ಬೇರು ಬಂದ ಮಲ್ಲಿಗೆ ಸಸಿಗಳನ್ನು ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ಖರೀದಿಸಿ, ಸುಂದರ ಶೆಟ್ಟರ ಹೋಟೆ‌ಲಿನ ವ್ಯಾನಿನಲ್ಲಿ ಹಾಕಿಸಿ ಕಾವೂರಿಗೆ ಕೊಂಡುಹೋದರು. ಶರ್ಲಿ ಥ್ಯಾಂಕ್ಸ್ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದೊಂದನ್ನೂ ತಿರುಗಿಸಿ ಬೇರು ನೋಡಿ, ಎರಡನ್ನು ಬದಿಗಿಟ್ಟಳು. "ಇವು ಬರ್ಲಿಕ್ಕಿಲ್ಲ. ಉಳಿದದ್ದು ಒಳ್ಳೆದುಂಟು." ಅಂದಿನಿಂದ ಕೇಂದ್ರದಲ್ಲಿ ಯಾರು ಏನು ಬರೆದರೂ ಝಹ್ರಾ ಅದನ್ನು ಮೊದಲು ಕಳಿಸುವ ಏಳೆಂಟು ಜನರಲ್ಲಿ ಶರ್ಲಿಯೂ ಒಬ್ಬಳಾದಳು. ಕೆಲವೊಮ್ಮೆ ಉತ್ತರವೇ ಬರುತ್ತಿರಲಿಲ್ಲ. ಹೂವಿನ ಸೀಸನ್ನಿನಲ್ಲಿ ಅವಳಿಗೆ ಪುರುಸೊತ್ತು ಎಲ್ಲಿಂದ?

ರತ್ನಾವತಿ ಪೂರ್ತಿ ಬದಲಾದರು ಎಂದರೆ ಸುಳ್ಳಾಗುತ್ತದೆ. ರಜಾ ಅರ್ಜಿಯನ್ನು ಈಗಲೂ ‘ಅನಿವಾರ್ಯ ಕಾರಣಗಳ ನಿಮಿತ್ತ’ ಎಂದೇ ಬರೆಯುತ್ತಾರೆ. ಕರಪತ್ರ ಬರೆಯುವಾಗಲೂ ಮೊದಲ ಸಲ ಕೈಗೆ ಬರುವುದು ಅದೇ ದೊಡ್ಡ ಭಾಷೆ. ವ್ಯತ್ಯಾಸ ಏನೆಂದರೆ, ಈಗ ಅವರು ಅದನ್ನು ಮನೆಯಲ್ಲಿ ಬಚ್ಚಿಟ್ಟು ತಿದ್ದುವುದಿಲ್ಲ. ಎಲ್ಲರ ಎದುರಿಗೆ ಬರೆದು, ಎಲ್ಲರ ಎದುರಿಗೆ ಅಳಿಸುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಸುತ್ತಮುತ್ತಲಿನ ಕೇಂದ್ರಗಳ ಹೊಸ ಸಿಬ್ಬಂದಿಗೆ ಬರವಣಿಗೆಯ ತರಬೇತಿ ಕೊಡುವ ಕೆಲಸ ಅವರಿಗೇ ಬಂತು. ಸಭಾಂಗಣದಲ್ಲಿ ಎಲ್ಲರೂ ಲ್ಯಾಪ್‌ಟಾಪ್ ತೆರೆದು ಒಂದೇ ಡಾಕ್ಯುಮೆಂಟಿನಲ್ಲಿ ಕುಳಿತಿದ್ದರು. ಅಣಬೆ ಬೇಸಾಯದ ಬಗ್ಗೆ ಬರೆದಿದ್ದ ಮೋಕ್ಷಾ ಎಂಬ ಹುಡುಗಿಯ ಪ್ಯಾರಾದ ಸುತ್ತ ಎಲ್ಲರ ಬಣ್ಣದ ಗೆರೆಗಳು ಸೇರಿದವು. ಒಬ್ಬರು ‘ಉದ್ದವಾಯ್ತು’ ಎಂದರು, ಇನ್ನೊಬ್ಬರು ‘ಅರ್ಥ ಆಗುವುದಿಲ್ಲ’ ಎಂದರು, ಮೂರನೆಯವರು ನಗುವ ಮುಖದ ಚಿತ್ರ ಹಾಕಿದರು. ಮೋಕ್ಷಾ ಲ್ಯಾಪ್‌ಟಾಪ್ ಮುಚ್ಚಿ ಎತ್ತಿಕೊಂಡು ಹೊರಗೆ ಹೋದಳು.

ರತ್ನಾವತಿ ಹೋಗಿ ನೋಡಿದರೆ ಅವಳು ಕ್ಯಾಂಟೀನಿನ ಬದಿಯ ಕಟ್ಟೆಯಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ರತ್ನಾವತಿ ಪಕ್ಕದಲ್ಲಿ ಕೂತರು.

"ಎಂಎಸ್ಸಿಯಲ್ಲಿ ನನ್ನ ಥೀಸಿಸ್ ಭಾಷೆ ಎಲ್ಲರೂ ಹೊಗಳಿದ್ರು ಮೇಡಂ."

"ಒಳ್ಳೆದೇ ಇದ್ದಿರಬೇಕು."

"ಇಲ್ಲಿ ಎಲ್ಲರ ಎದುರು..."

"ಹೌದು. ತುಂಬ ಬೇಜಾರಾಗ್ತದೆ. ಆ ನಗುವ ಮುಖ ಹಾಕಿದವರ ಹತ್ತಿರ ನಾನು ಆಮೇಲೆ ಮಾತಾಡ್ತೇನೆ, ಅದು ತಪ್ಪು." ರತ್ನಾವತಿ ಅವಳ ಕಡೆ ತಿರುಗಿದರು. "ನೀನು ಬರೆದದ್ದು ಎಂತ? ಬರೆದ ಹಾಗೆ ಅಲ್ಲ, ಹಾಗೇ ಹೇಳು. ನನಗೆ ಅಣಬೆಯ ವಿಷಯ ಅಷ್ಟಾಗಿ ಗೊತ್ತಿಲ್ಲ. ಒಣಹುಲ್ಲನ್ನು ಬೇಯಿಸುವುದು ಯಾಕೆ?"

ಮೋಕ್ಷಾ ಮೂಗು ಒರೆಸಿಕೊಂಡಳು. "ಬೇಯಿಸದಿದ್ರೆ ಹುಲ್ಲಿನಲ್ಲಿರುವ ಬೇರೆ ಬೂಷ್ಟು ಮೊದಲು ಬೆಳೆದುಬಿಡ್ತದೆ ಮೇಡಂ. ಅಣಬೆಗೆ ಜಾಗವೇ ಸಿಗುದಿಲ್ಲ."

"ಇದನ್ನು ಯಾಕೆ ಬರೆಯಲಿಲ್ಲ?"

"ಬರೆದಿದ್ದೇನೆ," ಎಂದು ಅವಳು ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಎರಡು ಸಲ ಮೇಲೆ ಕೆಳಗೆ ಮಾಡಿದಳು. ಸಿಗಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು, ಆಮೇಲೆ ಮೊದಲ ಸಾಲನ್ನು ಪೂರ್ತಿ ಅಳಿಸಿ ಟೈಪ್ ಮಾಡತೊಡಗಿದಳು. ಒಳಗಿನಿಂದ ಊಟದ ಗಂಟೆ ಕೇಳಿತು. ರತ್ನಾವತಿ ಎದ್ದು, "ಬಾ, ಊಟ ಮಾಡಿ ಮುಂದುವರಿಸುವ" ಎಂದರು.

"ನೀವು ಹೋಗಿ ಮೇಡಂ, ಇದೊಂದು ಸಾಲು ಮುಗಿಸಿ ಬರ್ತೇನೆ."

ರತ್ನಾವತಿ ಹೋಗಲಿಲ್ಲ. ಬಿಸಿಲು ಕಾಲಿನವರೆಗೆ ಬಂದಿತ್ತು. ಕಟ್ಟೆಯ ಮೇಲೆ ಸ್ವಲ್ಪ ಈಚೆ ಸರಿದು ಕೂತು, ಆ ಹುಡುಗಿ ಬರೆದು ಮುಗಿಸುವುದನ್ನು ಕಾಯತೊಡಗಿದರು.